ಮಗು ತೀರಿಕೊಂಡಾಗ ಕೆಲಸ ಬಿಡದೆ ರಜೆ ಪಡೆಯುವುದು ಹೇಗೆ: ಅಮೆರಿಕದಲ್ಲಿರುವ ಕನ್ನಡದ ತಂದೆತಾಯಿಗೆ

ಮಗುವನ್ನು ಕಳೆದುಕೊಂಡ ಮನೆಯಲ್ಲಿ ಕಾನೂನು ಓದುವ ಚೈತನ್ಯ ಯಾರಿಗೂ ಇರುವುದಿಲ್ಲ. ಹಾಗಾಗಿ ಇದನ್ನು ತಂದೆತಾಯಿಗೆ ಮಾತ್ರವಲ್ಲ, ಆ ಮನೆಗೆ ಅನ್ನ ಸಾರು ಹೊತ್ತುಕೊಂಡು ಬರುವ ಅಣ್ಣ, ತಂಗಿ, ಗೆಳೆಯರಿಗೂ ಸೇರಿಸಿ ಬರೆದಿದ್ದೇವೆ. ನಿಮ್ಮಲ್ಲಿ ಒಬ್ಬರು ಕಾಗದಪತ್ರದ ಕೆಲಸ ವಹಿಸಿಕೊಳ್ಳಿ. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ನೌಕರರು ತಾವೇ ತಿಳಿಸಲಾಗದ ಸ್ಥಿತಿಯಲ್ಲಿದ್ದರೆ ಗಂಡ, ಹೆಂಡತಿ, ಮನೆಯ ಹಿರಿಯರು ಅಥವಾ ಬೇರೆ ಜವಾಬ್ದಾರಿಯುತರು ಅವರ ಪರವಾಗಿ ಕಂಪನಿಗೆ ತಿಳಿಸಬಹುದು.

ಮೊದಲ ವಾರದಲ್ಲಿ ಎರಡು ತಪ್ಪು ಆಗದಂತೆ ನೋಡಿಕೊಂಡರೆ ಸಾಕು. ಒಂದು, ರಾಜೀನಾಮೆ ಕೊಡಬೇಡಿ. ಎರಡು, ‘ಸೋಮವಾರದಿಂದ ಬರುತ್ತೇನೆ’ ಎಂದು ಮ್ಯಾನೇಜರ್‌ಗೆ ಮಾತು ಕೊಡಬೇಡಿ. ಉಳಿದದ್ದನ್ನೆಲ್ಲ ಆಮೇಲೆ ಸರಿ ಮಾಡಬಹುದು. ಕೊಟ್ಟ ರಾಜೀನಾಮೆಯನ್ನು ಹಿಂದಕ್ಕೆ ಪಡೆಯುವುದು ಮಾತ್ರ ಬಹಳ ಕಷ್ಟ. ಕೆಲಸದ ಜೊತೆ ಇನ್ಶೂರೆನ್ಸೂ ಹೋಗುತ್ತದೆ, ಎಚ್-1ಬಿ ಕೆಲಸದ ವೀಸಾ ಇದ್ದವರಿಗೆ ದೇಶದಲ್ಲಿ ಇನ್ನೆಷ್ಟು ದಿನ ಇರಬಹುದೆಂಬ ಎಣಿಕೆಯೂ ಶುರುವಾಗುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ

ಅಮೆರಿಕದಲ್ಲಿ ಕೆಲಸ ಉಳಿಸಿಕೊಂಡು ಸಂಬಳವಿಲ್ಲದ ರಜೆ ಪಡೆಯಲು ಇರುವ ದೊಡ್ಡ ಕಾನೂನು 1993ರ ಫ್ಯಾಮಿಲಿ ಅಂಡ್ ಮೆಡಿಕಲ್ ಲೀವ್ ಆಕ್ಟ್. ಎಲ್ಲರ ಬಾಯಲ್ಲಿ ಅದು ಎಫ್‌ಎಂಎಲ್‌ಎ. 12 ತಿಂಗಳಲ್ಲಿ 12 ವಾರ ರಜೆ. ರಜೆ ಮುಗಿಸಿ ಬಂದಾಗ ಅದೇ ಕೆಲಸ ಅಥವಾ ಸಂಬಳ, ಸೌಲಭ್ಯ, ಜವಾಬ್ದಾರಿಯಲ್ಲಿ ಅದಕ್ಕೆ ಸಮನಾದ ಕೆಲಸ. ಹೆರಿಗೆ, ದತ್ತು, ಮನೆಯವರ ಗಂಭೀರ ಕಾಯಿಲೆ, ನೌಕರರ ಸ್ವಂತ ಗಂಭೀರ ಕಾಯಿಲೆ, ಇವೆಲ್ಲ ಅದರಲ್ಲಿವೆ. ಮಗುವಿನ ಸಾವು ಇಲ್ಲ. ಸೇರಿಸಬೇಕೆಂಬ ಮಸೂದೆ ಅಮೆರಿಕದ ಕಾಂಗ್ರೆಸ್‌ನಲ್ಲಿ ಹಲವು ಬಾರಿ ಮಂಡನೆಯಾಗಿದ್ದರೂ ಕಾನೂನಾಗಿಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ಮಾತ್ರ 2021ರ ಡಿಸೆಂಬರ್‌ನಿಂದ 2 ವಾರದ ಸಂಬಳ ಸಹಿತ ರಜೆ ಸಿಗುತ್ತಿದೆ. ಇದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಮಗು ಹುಟ್ಟಿದ್ದಕ್ಕೆ 12 ವಾರ ಕೊಡುವ ಕಾನೂನು, ಆ ಮಗು ಹೋದದ್ದಕ್ಕೆ ಒಂದು ದಿನವನ್ನೂ ಹೆಸರಿಟ್ಟು ಕೊಟ್ಟಿಲ್ಲ.

ಇದರಿಂದ ಆಗುವ ತೊಂದರೆ ಹೀಗೆ: ತಂದೆಯೋ ತಾಯಿಯೋ ಎಚ್‌ಆರ್‌ಗೆ ಫೋನ್ ಮಾಡಿ ‘ಬಿರೀವ್‌ಮೆಂಟ್ ಲೀವ್ (ಮನೆಯವರು ತೀರಿಕೊಂಡಾಗ ಕೊಡುವ ರಜೆ) ಎಷ್ಟಿದೆ?’ ಎಂದು ಕೇಳುತ್ತಾರೆ. ‘ಮೂರು ದಿನ’ ಅಥವಾ ‘ಐದು ದಿನ’ ಎಂಬ ಉತ್ತರ ಬರುತ್ತದೆ. ಅದು ಕಂಪನಿಯ ನಿಯಮ, ಸುಳ್ಳೇನಲ್ಲ. ಆದರೆ ಅಲ್ಲಿಗೇ ಮಾತು ಮುಗಿದುಹೋಗುತ್ತದೆ. ಕೇಳಬೇಕಾದದ್ದು, ‘ನಾನು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ, ನನಗೆ ಅನ್ವಯಿಸುವ ಎಲ್ಲ ರಜೆಗಳನ್ನೂ ಬರಹದಲ್ಲಿ ತಿಳಿಸಿ’ ಎಂದು. ಎಫ್‌ಎಂಎಲ್‌ಎ ಎಂಬ ಹೆಸರನ್ನೇ ಹೇಳಬೇಕೆಂದಿಲ್ಲ. ಆರೋಗ್ಯದ ಕಾರಣ ಸ್ಪಷ್ಟವಾಗಿ ಗೊತ್ತಾದರೆ ಅರ್ಹತೆಯ ನೋಟೀಸು ಕೊಡುವುದು ಕಂಪನಿಯ ಹೊಣೆ. ಹಾಗಿದ್ದರೂ ಹೆಸರು ಹೇಳುವುದೇ ಒಳ್ಳೆಯದು.

ಅರ್ಹತೆ ನೋಡಿಕೊಳ್ಳಿ. ಕಂಪನಿಯಲ್ಲಿ 12 ತಿಂಗಳು ಕೆಲಸ ಮಾಡಿರಬೇಕು, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿದಿರಬೇಕು, ನಿಮ್ಮ ಕೆಲಸದ ಸ್ಥಳದಿಂದ 75 ಮೈಲಿಯೊಳಗೆ ಆ ಕಂಪನಿಯ 50 ನೌಕರರಿರಬೇಕು. ಮನೆಯಿಂದ ಕೆಲಸ ಮಾಡುವವರಿಗೆ ಮನೆ ಲೆಕ್ಕಕ್ಕಿಲ್ಲ. ನೀವು ಯಾವ ಆಫೀಸಿಗೆ ವರದಿ ಮಾಡುತ್ತೀರೋ, ಎಲ್ಲಿಂದ ನಿಮಗೆ ಕೆಲಸ ಹಂಚಿಕೆಯಾಗುತ್ತದೋ ಅದೇ ಸ್ಥಳ. ಕನ್ಸಲ್ಟೆನ್ಸಿಯ ಮೂಲಕ ಕ್ಲೈಂಟ್ ಕಡೆ ಕೆಲಸ ಮಾಡುವ ನಮ್ಮವರು ಬಹಳ ಮಂದಿ. ಅವರಿಗೆ ರಜೆ ಕೊಡುವ, ಇನ್ಶೂರೆನ್ಸ್ ಉಳಿಸುವ, ವಾಪಸ್ ಕೆಲಸಕ್ಕೆ ತೆಗೆದುಕೊಳ್ಳುವ ಮೊದಲ ಹೊಣೆ ಕನ್ಸಲ್ಟೆನ್ಸಿಯದು. ಕ್ಲೈಂಟ್ ಮ್ಯಾನೇಜರ್ ‘ಪರವಾಗಿಲ್ಲ, ನಿಧಾನಕ್ಕೆ ಬನ್ನಿ’ ಎಂದರೆ ಅದು ರಜೆ ಮಂಜೂರಾದಂತಲ್ಲ.

ವೀಸಾ ಯಾವುದೆಂಬುದು ಈ ಅರ್ಹತೆಗೆ ಅಡ್ಡಿಯಲ್ಲ.

ತಾಯಿಗೆ: ಮಗು ಇಲ್ಲದಿದ್ದರೂ ಬಾಣಂತಿ ಬಾಣಂತಿಯೇ

ಹೊಟ್ಟೆಯಲ್ಲೇ ಮಗು ತೀರಿಕೊಂಡರೆ, ಅಥವಾ ಹುಟ್ಟಿ ಕೆಲವು ಗಂಟೆ, ಕೆಲವು ದಿನದಲ್ಲಿ ಹೋದರೆ, ಕಂಪನಿಯ ರಜೆ ನೋಡಿಕೊಳ್ಳುವ ಏಜೆನ್ಸಿ ಒಮ್ಮೊಮ್ಮೆ ಹೆರಿಗೆ ರಜೆಯನ್ನೇ ರದ್ದು ಮಾಡಿಬಿಡುತ್ತದೆ. ಮಗುವಿನ ಜೊತೆಗಿರುವ ರಜೆ, ಅಂದರೆ ಬಾಂಡಿಂಗ್ ಲೀವ್, ಮಗು ಇಲ್ಲವಾದ ಮೇಲೆ ಮುಂದುವರಿಯುವುದಿಲ್ಲ ಎಂಬುದು ನಿಜ. ಆದರೆ ಹೆರಿಗೆಯಿಂದ ಚೇತರಿಸಿಕೊಳ್ಳುವ ರಜೆ ತಾಯಿಯ ಮೈಗೆ ಸೇರಿದ್ದು, ಮಗುವಿಗಲ್ಲ. ಸಿಸೇರಿಯನ್ ಹೊಲಿಗೆ ಹಾಗೇ ಇರುತ್ತದೆ. ರಕ್ತಸ್ರಾವ ವಾರಗಟ್ಟಲೆ ಇರುತ್ತದೆ. ಮೂರನೆಯ ನಾಲ್ಕನೆಯ ದಿನಕ್ಕೆ ಎದೆಹಾಲು ತುಂಬಿ ಕಲ್ಲಾಗುತ್ತದೆ. ಕುಡಿಯುವ ಮಗುವಿಲ್ಲದೆ ಅದು ಇಳಿಯಲು ದಿನಗಳು ಬೇಕು, ಜ್ವರವೂ ಬರಬಹುದು. ಇದನ್ನೆಲ್ಲ ಡಾಕ್ಟರು ರಜೆಯ ವೈದ್ಯಕೀಯ ಫಾರಂನಲ್ಲಿ ಬರೆಯಬೇಕು. ಗರ್ಭ ಮತ್ತು ಹೆರಿಗೆಯ ಕಾರಣಕ್ಕೆ ಅಶಕ್ತರಾದರೆ ಎಫ್‌ಎಂಎಲ್‌ಎಯಲ್ಲಿ ಇಷ್ಟು ದಿನ ಮಲಗಿರಲೇಬೇಕೆಂಬ ಕನಿಷ್ಠ ಮಿತಿಯೂ ಇಲ್ಲ.

ಕಂಪನಿಯಲ್ಲಿ ಶಾರ್ಟ್ ಟರ್ಮ್ ಡಿಸೆಬಿಲಿಟಿ ಪಾಲಿಸಿ ಇದ್ದರೆ, ಸಹಜ ಹೆರಿಗೆಗೆ 6 ವಾರ, ಸಿಸೇರಿಯನ್‌ಗೆ 8 ವಾರ ಎಂಬುದು ಸಾಮಾನ್ಯ ರೂಢಿ. ಇದರಲ್ಲಿ ಸಂಬಳದ ಒಂದು ಪಾಲು ಕೈಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ್ದೇ ಡಿಸೆಬಿಲಿಟಿ ಇನ್ಶೂರೆನ್ಸ್ ಇದೆ. ಏಜೆನ್ಸಿಗೆ ಹೇಳಬೇಕಾದ ಮಾತು ಒಂದೇ: ‘ಬಾಂಡಿಂಗ್ ಭಾಗ ತೆಗೆಯಿರಿ, ಹೆರಿಗೆಯಿಂದ ಚೇತರಿಕೆಯ ಭಾಗ ಹಾಗೇ ಇರಲಿ.’

ಎಫ್‌ಎಂಎಲ್‌ಎಗೆ ವರ್ಷ ತುಂಬದ ತಾಯಂದಿರಿಗೂ, ಚಿಕ್ಕ ಕಂಪನಿಯವರಿಗೂ ಇನ್ನೊಂದು ದಾರಿಯಿದೆ. 2023ರ ಜೂನ್ 27ರಿಂದ ಜಾರಿಯಲ್ಲಿರುವ ಪ್ರೆಗ್ನೆಂಟ್ ವರ್ಕರ್ಸ್ ಫೇರ್‌ನೆಸ್ ಆಕ್ಟ್ 15 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆ ಅನ್ವಯಿಸುತ್ತದೆ. ಗರ್ಭಪಾತ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ಹೆರಿಗೆಯ ನಂತರದ ಚೇತರಿಕೆ ಎಲ್ಲವೂ ಇದರ ವ್ಯಾಪ್ತಿಯಲ್ಲಿವೆ. ಇಲ್ಲಿ ರಜೆಯನ್ನೇ ಒಂದು ಹೊಂದಾಣಿಕೆಯಾಗಿ, ಅಂದರೆ ನಿಮ್ಮ ಆರೋಗ್ಯಕ್ಕೆ ತಕ್ಕಂತೆ ಕಂಪನಿ ಮಾಡಿಕೊಡುವ ಅನುಕೂಲವಾಗಿ, ಕೇಳಬಹುದು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಕೇಳಬಹುದು.

ತಂದೆಗೆ, ಮತ್ತು ದೊಡ್ಡ ಮಗುವನ್ನು ಕಳೆದುಕೊಂಡವರಿಗೆ

ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿಯವರ ಸಂಗಾತಿಯ ವೀಸಾದಲ್ಲಿ, ಇರುವ ಹೆಂಡತಿ ಮನೆಯಲ್ಲಿದ್ದಾರೆ, ಗಂಡ ಮಾತ್ರ ನೌಕರಿಯಲ್ಲಿದ್ದಾರೆ. ನಮ್ಮ ಎಷ್ಟೋ ಮನೆಗಳ ಸ್ಥಿತಿ ಇದು. ಊರಿನಿಂದ ಅಮ್ಮ ಬರುವ ತನಕ ಬಾಣಂತಿಗೆ ಒಂದು ಲೋಟ ಬಿಸಿನೀರು ಕೊಡುವವರೂ ಇಲ್ಲ. ಗಂಡನಿಗೆ ಸಿಗುವ ರಜೆ ‘ಹೆಂಡತಿಯ ಆರೈಕೆ’ ಎಂಬ ಕಾರಣದ್ದು, ಅದಕ್ಕೂ ಅದೇ 12 ವಾರದ ಮಿತಿ. ಆರೈಕೆ ಎಂದರೆ ಮಾತ್ರೆ ಕೊಡುವುದು, ಆಸ್ಪತ್ರೆಗೆ ಕರೆದೊಯ್ಯುವುದು ಮಾತ್ರವಲ್ಲ. ಜೊತೆಗಿದ್ದು ಧೈರ್ಯ ತುಂಬುವುದೂ ಆರೈಕೆಯೇ ಎಂದು ನಿಯಮ ಒಪ್ಪುತ್ತದೆ. ಇದಕ್ಕೆ ಹೆಂಡತಿಯ ಡಾಕ್ಟರು ಡಬ್ಲ್ಯುಎಚ್-380-ಎಫ್ ಎಂಬ ವೈದ್ಯಕೀಯ ಫಾರಂ ತುಂಬಬೇಕು.

ಎರಡು ವರ್ಷದ ಅಥವಾ ಹದಿನೈದು ವರ್ಷದ ಮಗು ಅಪಘಾತದಲ್ಲೋ ಕಾಯಿಲೆಯಲ್ಲೋ ಹೋದಾಗ ಹೆರಿಗೆಯ ದಾರಿ ಇರುವುದಿಲ್ಲ. ಆಗ ಇರುವುದು ತಂದೆತಾಯಿಯ ಸ್ವಂತ ಆರೋಗ್ಯದ ದಾರಿ. ದುಃಖ ತಾನೇ ಕಾಯಿಲೆಯಲ್ಲ, ನಿಜ. ಆದರೆ ರಾತ್ರಿಯೆಲ್ಲ ನಿದ್ದೆಯಿಲ್ಲ, ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ, ಎದುರಿಗಿರುವ ಮೂರು ಸಾಲು ಓದಿದರೆ ಅರ್ಥವಾಗುತ್ತಿಲ್ಲ, ಕಾರು ಓಡಿಸಲು ಕೈ ನಡುಗುತ್ತದೆ ಎಂದಾದರೆ ಅದಕ್ಕೆ ಚಿಕಿತ್ಸೆ ಬೇಕು, ಆ ಚಿಕಿತ್ಸೆಯ ಅವಧಿಗೆ ರಜೆಯ ರಕ್ಷಣೆಯೂ ಸಿಗುತ್ತದೆ.

ಇಲ್ಲಿ ದಿನಗಳ ಲೆಕ್ಕ ಮುಖ್ಯ. ಸತತ 3 ಪೂರ್ಣ ದಿನಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದ ಸ್ಥಿತಿ ಇರಬೇಕು. ಮೊದಲ ದಿನದಿಂದ 7 ದಿನದೊಳಗೆ ಒಮ್ಮೆ ಡಾಕ್ಟರನ್ನು ಮುಖತಃ ಕಾಣಬೇಕು. ಆಮೇಲೆ 30 ದಿನದೊಳಗೆ ಒಟ್ಟು ಎರಡು ಭೇಟಿಯಾಗಬೇಕು, ಇಲ್ಲವೇ ಒಂದು ಭೇಟಿಯ ಜೊತೆ ಔಷಧಿ, ಥೆರಪಿಯಂಥ ಮುಂದುವರಿಯುವ ಚಿಕಿತ್ಸೆ ಶುರುವಾಗಬೇಕು. ಆ 7 ದಿನ ತಪ್ಪಿಹೋಗುವುದೇ ಅರ್ಜಿ ತಿರಸ್ಕಾರವಾಗಲು ಕಾರಣವಾಗಿಬಿಡಬಹುದು. ಅಂತ್ಯಕ್ರಿಯೆ, ನೆಂಟರಿಷ್ಟರು, ಸೂತಕದ ದಿನಗಳ ಗಲಾಟೆಯಲ್ಲಿ ವಾರ ಕಳೆದುಹೋಗುವುದು ಗೊತ್ತೇ ಆಗುವುದಿಲ್ಲ. ಹಾಗಾಗಿ ಜೊತೆಗಿರುವವರು ಮೊದಲ ನಾಲ್ಕೈದು ದಿನದಲ್ಲೇ ಫ್ಯಾಮಿಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಮಾಡಿಸಿ ಕರೆದೊಯ್ಯಿರಿ. ಮನೋವೈದ್ಯರೇ ಬೇಕೆಂದಿಲ್ಲ. ಫ್ಯಾಮಿಲಿ ಡಾಕ್ಟರು, ನರ್ಸ್ ಪ್ರಾಕ್ಟಿಷನರ್, ಕ್ಲಿನಿಕಲ್ ಸೈಕಾಲಜಿಸ್ಟ್, ಕ್ಲಿನಿಕಲ್ ಸೋಶಿಯಲ್ ವರ್ಕರ್ ಯಾರ ಸಹಿಯಾದರೂ ನಡೆಯುತ್ತದೆ.

ಗಂಡಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿದ್ದರೆ ‘ನಿಮ್ಮಿಬ್ಬರಿಗೂ ಸೇರಿ 12 ವಾರ’ ಎಂದು ಹೇಳಬಹುದು. ಅದು ಬಾಂಡಿಂಗ್ ರಜೆಗೆ ಇರುವ ನಿಯಮ. ಸ್ವಂತ ಕಾಯಿಲೆಗೆ, ಸಂಗಾತಿಯ ಆರೈಕೆಗೆ ಒಬ್ಬೊಬ್ಬರಿಗೂ ಬೇರೆ ಬೇರೆ 12 ವಾರ.

ಮಗು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಹೋದ ಮನೆಗಳಿಗೆ ಇನ್ನೊಂದು ಸಂಕಟ. ಮಗುವಿನ ಆರೈಕೆಯಲ್ಲೇ ಆ 12 ವಾರ ಖರ್ಚಾಗಿರುತ್ತದೆ. ಎಷ್ಟು ಉಳಿದಿದೆ ಎಂದು ಬರಹದಲ್ಲಿ ಕೇಳಿ, ವರ್ಷವನ್ನು ಯಾವ ತಾರೀಖಿನಿಂದ ಎಣಿಸುತ್ತಾರೆಂದೂ ಕೇಳಿ. ಕ್ಯಾಲೆಂಡರ್ ವರ್ಷ ಹಿಡಿಯುವ ಕಂಪನಿಯಲ್ಲಿ ಜನವರಿಗೆ ಹೊಸ 12 ವಾರ ಬರುತ್ತದೆ. ರಜೆ ಪೂರ್ತಿ ಮುಗಿದಿದ್ದರೆ, ಖಿನ್ನತೆಯಂಥ ತೊಂದರೆಗೆ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್ ಅಡಿಯಲ್ಲಿ ಹೆಚ್ಚುವರಿ ರಜೆಯನ್ನು ಹೊಂದಾಣಿಕೆಯಾಗಿ ಕೇಳಬಹುದು. ಅದಕ್ಕೂ 15 ನೌಕರರಿರುವ ಕಂಪನಿಯಾದರೆ ಸಾಕು.

ನೀವಿರುವ ರಾಜ್ಯ ಯಾವುದು

ಇಲಿನಾಯ್ ರಾಜ್ಯದ್ದು ಈ ವಿಷಯದಲ್ಲಿ ತುಂಬ ವಿವರವಾದ ಕಾನೂನು. ಅಲ್ಲಿ ಎರಡು ಬೇರೆ ಬೇರೆ ಕಾಯ್ದೆಗಳಿವೆ, ಜನ ಬೆರೆಸಿಕೊಳ್ಳುತ್ತಾರೆ.

ಮೊದಲನೆಯದು ಫ್ಯಾಮಿಲಿ ಬಿರೀವ್‌ಮೆಂಟ್ ಲೀವ್ ಆಕ್ಟ್. 2016ರಿಂದ ಮಗುವಿನ ಸಾವಿಗೆ ಮಾತ್ರ ಇದ್ದದ್ದು 2023ರ ಜನವರಿ 1ರಿಂದ ವಿಸ್ತಾರವಾಯಿತು. 2 ವಾರ, ಅಂದರೆ 10 ಕೆಲಸದ ದಿನ, ಸಂಬಳವಿಲ್ಲದ ರಜೆ. ಗರ್ಭಪಾತ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ಐವಿಎಫ್‌ನಂಥ ಚಿಕಿತ್ಸೆ ಫಲಿಸದಿರುವುದು, ದತ್ತು ಕೈತಪ್ಪುವುದು ಸಹ ಇದರಲ್ಲಿದೆ. ಸುದ್ದಿ ತಿಳಿದ 60 ದಿನದೊಳಗೆ ರಜೆ ಮುಗಿಸಬೇಕು. ಸಾಧ್ಯವಿದ್ದರೆ 48 ಗಂಟೆ ಮುಂಚೆ ತಿಳಿಸಬೇಕು. ಸಾಧ್ಯವಿಲ್ಲದಿದ್ದರೆ ಅದು ತಪ್ಪಲ್ಲ. ಕಂಪನಿ ದಾಖಲೆ ಕೇಳಬಹುದು: ಮರಣಪತ್ರ, ಪ್ರಕಟವಾದ ಶ್ರದ್ಧಾಂಜಲಿ, ಅಥವಾ ಅಂತ್ಯಕ್ರಿಯೆ ನಡೆಸಿದ ಫ್ಯೂನರಲ್ ಹೋಮ್, ಚಿತಾಗಾರ, ದೇವಸ್ಥಾನದಂಥ ಧಾರ್ಮಿಕ ಸಂಸ್ಥೆ ಕೊಟ್ಟ ಪತ್ರ. ಗರ್ಭಕ್ಕೆ ಸಂಬಂಧಿಸಿದ ನಷ್ಟವಾದರೆ ಯಾವ ಬಗೆಯದೆಂದು ಕೆದಕಿ ಕೇಳುವಂತಿಲ್ಲ. ಗಮನಿಸಬೇಕಾದ ಒಂದು ತೊಡಕು: ಅರ್ಹತೆಗೆ ಇಲ್ಲೂ ಎಫ್‌ಎಂಎಲ್‌ಎ ನಿಯಮಗಳೇ, ಮತ್ತು ಎಫ್‌ಎಂಎಲ್‌ಎಯ 12 ವಾರ ಮೀರಿ ಹೆಚ್ಚುವರಿ ರಜೆಯನ್ನು ಈ ಕಾಯ್ದೆ ಸೃಷ್ಟಿಸುವುದಿಲ್ಲ.

ಎರಡನೆಯದು ಚೈಲ್ಡ್ ಎಕ್ಸ್‌ಟೆಂಡೆಡ್ ಬಿರೀವ್‌ಮೆಂಟ್ ಲೀವ್ ಆಕ್ಟ್, 2024ರ ಜನವರಿ 1ರಿಂದ. ಮಗು ಆತ್ಮಹತ್ಯೆಯಿಂದಲೋ ಕೊಲೆಯಿಂದಲೋ ತೀರಿಕೊಂಡಿದ್ದರೆ ಪೂರ್ಣಾವಧಿ ನೌಕರರಾದ ತಂದೆತಾಯಿಗೆ ದೀರ್ಘ ರಜೆ. ರಾಜ್ಯದಲ್ಲಿ 250 ಅಥವಾ ಹೆಚ್ಚು ಪೂರ್ಣಾವಧಿ ನೌಕರರಿರುವ ಕಂಪನಿಯಲ್ಲಿ 12 ವಾರ, 50ರಿಂದ 249 ಇದ್ದರೆ 6 ವಾರ. ಕಂಪನಿಗೆ ತಿಳಿಸಿದ ದಿನದಿಂದ ಒಂದು ವರ್ಷದೊಳಗೆ ಬಳಸಬೇಕು. ಒಟ್ಟಿಗೇ ತೆಗೆದುಕೊಳ್ಳಬೇಕೆಂದಿಲ್ಲ, ಕನಿಷ್ಠ 4 ಗಂಟೆಯ ತುಂಡುಗಳಾಗಿಯೂ ತೆಗೆದುಕೊಳ್ಳಬಹುದು. ಪೊಲೀಸ್ ವಿಚಾರಣೆ, ಕೋರ್ಟಿನ ದಿನಗಳು, ಮಗುವಿನ ಹುಟ್ಟುಹಬ್ಬದ ದಿನ, ಇಂಥವಕ್ಕೆ ಈ ಅರ್ಧ ದಿನದ ರಜೆ ಬಹಳ ಉಪಕಾರಿ. ಮೊದಲ ತಿಂಗಳಲ್ಲೇ ಎಲ್ಲ ಮುಗಿಸದೆ ಕೆಲವು ವಾರ ಉಳಿಸಿಕೊಳ್ಳುವುದೇ ಒಳ್ಳೆಯದು.

ಕ್ಯಾಲಿಫೋರ್ನಿಯಾದಲ್ಲಿ 5 ನೌಕರರಿರುವ ಚಿಕ್ಕ ಕಂಪನಿಗೂ ಕಾನೂನು ಅನ್ವಯಿಸುತ್ತದೆ. 30 ದಿನ ಕೆಲಸ ಮಾಡಿದ್ದರೆ 5 ದಿನದ ಬಿರೀವ್‌ಮೆಂಟ್ ರಜೆ. ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದು, 3 ತಿಂಗಳೊಳಗೆ ಮುಗಿಸಬೇಕು. ಗರ್ಭದ ನಷ್ಟಕ್ಕೆ 2024ರಿಂದ ಪ್ರತ್ಯೇಕ 5 ದಿನವಿದೆ, ತಂದೆಗೂ ಉಂಟು. ಇದರ ಮೇಲೆ, ತಾಯಿಗೆ ಡಾಕ್ಟರು ಅಗತ್ಯ ಎಂದಷ್ಟು ಕಾಲ, 4 ತಿಂಗಳವರೆಗೂ, ಪ್ರೆಗ್ನೆನ್ಸಿ ಡಿಸೆಬಿಲಿಟಿ ಲೀವ್ ಇದೆ. ಅದಕ್ಕೆ ಇಷ್ಟು ತಿಂಗಳು ಕೆಲಸ ಮಾಡಿರಬೇಕೆಂಬ ಷರತ್ತಿಲ್ಲ. ಅಷ್ಟಲ್ಲದೆ ರಾಜ್ಯದ್ದೇ ಆದ 12 ವಾರದ ರಜೆ ಕಾನೂನಿದೆ, ಅದಕ್ಕೆ 75 ಮೈಲಿಯ ಲೆಕ್ಕವಿಲ್ಲ. ಬೇ ಏರಿಯಾದ ಸಣ್ಣ ಸ್ಟಾರ್ಟಪ್‌ಗಳಲ್ಲಿರುವವರು ‘ನಮಗೆ ಎಫ್‌ಎಂಎಲ್‌ಎ ಇಲ್ಲ’ ಎಂದು ಸುಮ್ಮನಾಗಬಾರದು.

ಆರೆಗಾನ್‌ನಲ್ಲಿ 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಒಂದು ಸಾವಿಗೆ 2 ವಾರ. ವಾಷಿಂಗ್ಟನ್ ರಾಜ್ಯದ ಸಂಬಳ ಸಹಿತ ರಜೆ ಯೋಜನೆಯಲ್ಲಿ, ಹೆರಿಗೆ ಅಥವಾ ಬಾಂಡಿಂಗ್ ರಜೆಗೆ ಅರ್ಹರಾಗಿದ್ದವರಿಗೆ ಮಗು ತೀರಿಕೊಂಡ ನಂತರದ 7 ದಿನವೂ ಸೇರುತ್ತದೆ. ಟೆಕ್ಸಾಸ್‌ನಲ್ಲಿ ಖಾಸಗಿ ನೌಕರರಿಗೆ ಇಂಥ ರಾಜ್ಯ ಕಾನೂನಿಲ್ಲ. ಅಲ್ಲಿ ಎಫ್‌ಎಂಎಲ್‌ಎ ಮತ್ತು ಕಂಪನಿಯ ನಿಯಮವೇ ಗತಿ.

ಪತ್ರ ಮತ್ತು ಫಾರಂ

ಇಮೇಲ್ ಚಿಕ್ಕದಾಗಿರಲಿ. ಇದೇ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆಯಿರಿ:

‘ನಮ್ಮ ಮಗು ಇಂಥ ತಾರೀಖು ತೀರಿಕೊಂಡಿತು. ಆರೋಗ್ಯದ ಕಾರಣ ನಾನು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ, ಡಾಕ್ಟರ ಆರೈಕೆಯಲ್ಲಿದ್ದೇನೆ. ಇಂಥ ತಾರೀಖಿನಿಂದ ರಜೆ ಕೋರುತ್ತೇನೆ; ಸದ್ಯದ ಅಂದಾಜು ಇಷ್ಟು ವಾರ. ಎಫ್‌ಎಂಎಲ್‌ಎ, ರಾಜ್ಯದ ಕಾನೂನು, ಡಿಸೆಬಿಲಿಟಿ ಪಾಲಿಸಿ, ಕಂಪನಿಯ ಬಿರೀವ್‌ಮೆಂಟ್ ರಜೆ ಇವುಗಳಲ್ಲಿ ನನಗೆ ಯಾವುದು ಅನ್ವಯಿಸುತ್ತದೆಂದು ಬರಹದಲ್ಲಿ ತಿಳಿಸಿ, ಫಾರಂ ಕಳಿಸಿ. ನನ್ನ ಪರವಾಗಿ ಇಂಥವರ ಜೊತೆ ಮಾತಾಡಬಹುದು.’

ನಿಮ್ಮ ಸ್ವಂತ ಇಮೇಲ್‌ಗೂ ಒಂದು ಪ್ರತಿ ಹಾಕಿಕೊಳ್ಳಿ. ರಜೆ ಶುರುವಾದ ಕೂಡಲೇ ಆಫೀಸಿನ ಲ್ಯಾಪ್‌ಟಾಪ್, ಇಮೇಲ್ ಲಾಕ್ ಮಾಡುವ ಕಂಪನಿಗಳಿವೆ. ಆಗ ನಿಮ್ಮದೇ ಪತ್ರ ನಿಮ್ಮ ಕೈಗೆ ಸಿಗುವುದಿಲ್ಲ.

ಪತ್ರ ತಲುಪಿದ 5 ಕೆಲಸದ ದಿನದೊಳಗೆ ಕಂಪನಿ ಅರ್ಹತೆಯ ನೋಟೀಸು ಕೊಡಬೇಕು. ಜೊತೆಗೆ ವೈದ್ಯಕೀಯ ಫಾರಂ ಬರುತ್ತದೆ. ಸ್ವಂತ ಕಾಯಿಲೆಗಾದರೆ ಡಬ್ಲ್ಯುಎಚ್-380-ಇ, ಅಥವಾ ಕಂಪನಿಯದೇ ನಮೂನೆ. ಅದನ್ನು ತುಂಬಿಸಿ ಕೊಡಲು ಕನಿಷ್ಠ 15 ದಿನ ಸಮಯ ಕೊಡಬೇಕು. ಏನಾದರೂ ಕೊರತೆಯಿದ್ದರೆ ಏನೆಂದು ಬರೆದು ತಿಳಿಸಿ, ಸರಿಪಡಿಸಲು ಇನ್ನೂ 7 ದಿನ ಕೊಡಬೇಕು. ಕಂಪನಿಯ ಉತ್ತರಕ್ಕಾಗಿ ಕಾಯುತ್ತಾ ಡಾಕ್ಟರ ಭೇಟಿ ಮುಂದೂಡಬೇಡಿ.

ಫಾರಂ ತಿರಸ್ಕಾರವಾಗುವುದು ಸಾಮಾನ್ಯವಾಗಿ ಡಾಕ್ಟರು ಬರೆದ ಮಾತಿನಿಂದ. ‘ದುಃಖದಲ್ಲಿದ್ದಾರೆ’ ಎಂದಷ್ಟೇ ಬರೆದರೆ ಸಾಲದು. ‘ಅವಧಿ ಗೊತ್ತಿಲ್ಲ’, ‘ಅನಿರ್ದಿಷ್ಟ’ ಎಂದು ಬರೆದರೂ ವಾಪಸ್ ಬರುತ್ತದೆ. ಯಾವ ದಿನದಿಂದ ಅಶಕ್ತರು, ಅಂದಾಜು ಯಾವ ದಿನದ ತನಕ, ಯಾವ ಕೆಲಸ ಮಾಡಲಾಗದು, ಎಷ್ಟು ಸಲ ಚಿಕಿತ್ಸೆಗೆ ಬರಬೇಕು, ಈ ನಾಲ್ಕೂ ಸ್ಪಷ್ಟವಾಗಿ ಇರಬೇಕು. ‘ನಿದ್ರಾಹೀನತೆ, ಏಕಾಗ್ರತೆ ಇಲ್ಲ, ನಿರ್ಧಾರ ತೆಗೆದುಕೊಳ್ಳಲಾಗದು; ಮಾರ್ಚ್ 3ರಿಂದ ಏಪ್ರಿಲ್ 28ರ ತನಕ ಕೆಲಸ ಮಾಡಲಾಗದು; ವಾರಕ್ಕೊಮ್ಮೆ ಥೆರಪಿ’ ಎಂಬಂಥ ಒಂದು ಸಾಲು ಹತ್ತು ಸಾಲಿನ ಮರುಕಕ್ಕಿಂತ ಉಪಯುಕ್ತ. ನಿಮ್ಮ ಸ್ಥಿತಿಯನ್ನು ಇದ್ದದ್ದು ಇದ್ದಂತೆ ಡಾಕ್ಟರಿಗೆ ಹೇಳಿ. ನಮ್ಮವರು ಡಾಕ್ಟರ ಎದುರು ‘ಪರವಾಗಿಲ್ಲ, ನಡೀತಿದೆ’ ಎಂದುಬಿಡುತ್ತಾರೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ.

ನಿಮ್ಮ ನೇರ ಮ್ಯಾನೇಜರ್ ನಿಮ್ಮ ಡಾಕ್ಟರಿಗೆ ಫೋನ್ ಮಾಡುವಂತಿಲ್ಲ. ಎಚ್‌ಆರ್ ಅಥವಾ ರಜೆಯ ಏಜೆನ್ಸಿಯವರು ಫಾರಂ ಬಗ್ಗೆ ವಿಚಾರಿಸಬಹುದು.

ಪೂರ್ತಿ ರಜೆ ಮುಗಿಸಿ ಒಮ್ಮೆಗೇ ಎಂಟು ಗಂಟೆಯ ಕೆಲಸಕ್ಕೆ ಹೋಗುವುದು ಕಷ್ಟವೆನಿಸಿದರೆ, ವಾರಕ್ಕೆ ಮೂರು ದಿನ ಅಥವಾ ದಿನಕ್ಕೆ ನಾಲ್ಕು ಗಂಟೆ ಎಂದು ರಜೆಯನ್ನು ಒಡೆದು ತೆಗೆದುಕೊಳ್ಳಲು ಅವಕಾಶವಿದೆ. ವೈದ್ಯಕೀಯವಾಗಿ ಅಗತ್ಯ ಎಂದು ಫಾರಂನಲ್ಲಿ ಇರಬೇಕು.

ಮರಣಪತ್ರದ ಪ್ರಮಾಣಿತ ಪ್ರತಿಗಳನ್ನು ಫ್ಯೂನರಲ್ ಹೋಮ್ ಮೂಲಕವೇ ಐದಾರು ತರಿಸಿಕೊಳ್ಳಿ. ಜೀವಂತ ಹುಟ್ಟಿ ಕೆಲವೇ ನಿಮಿಷ ಇದ್ದ ಮಗುವಿಗೂ ಜನನಪತ್ರ ಮತ್ತು ಮರಣಪತ್ರ ಎರಡೂ ಆಗುತ್ತವೆ. ಹೊಟ್ಟೆಯಲ್ಲೇ ತೀರಿಕೊಂಡ ಮಗುವಿಗೆ ಸಾಮಾನ್ಯ ಮರಣಪತ್ರ ಬರುವುದಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ 20 ವಾರ ದಾಟಿದ್ದರೆ ಬೇರೆ ದಾಖಲೆ ಇರುತ್ತದೆ. ಅದಕ್ಕಿಂತ ಮುಂಚಿನದಾದರೆ ಆಸ್ಪತ್ರೆಯ ಪತ್ರ ಕೇಳಿ ಇಟ್ಟುಕೊಳ್ಳಿ.

ದುಡ್ಡು, ಇನ್ಶೂರೆನ್ಸ್

ಸಂಬಳವಿಲ್ಲದ ರಜೆಯಾದರೂ ಉಳಿದಿರುವ ಪೇಯ್ಡ್ ಟೈಮ್ ಆಫ್ ಜೊತೆಜೊತೆಗೆ ಬಳಸಬಹುದು. ಕಂಪನಿಯೇ ಬಳಸಲು ಒತ್ತಾಯಿಸಬಹುದು ಕೂಡ. ಹೆಲ್ತ್ ಇನ್ಶೂರೆನ್ಸನ್ನು ಮೊದಲಿನಂತೆಯೇ ಮುಂದುವರಿಸಬೇಕು, ಆದರೆ ನಿಮ್ಮ ಪಾಲಿನ ಪ್ರೀಮಿಯಂ ನೀವು ಕಟ್ಟಬೇಕು. ಸಂಬಳವೇ ಇಲ್ಲದಾಗ ಅದು ತಾನಾಗಿ ಕಡಿತವಾಗುವುದಿಲ್ಲ. ಇಲ್ಲೇ ಅನೇಕರು ಎಡವುವುದು. ತಿಂಗಳು ತಿಂಗಳು ಕಟ್ಟುವುದೋ, ವಾಪಸ್ ಬಂದ ಮೇಲೆ ಕಡಿತವೋ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. 30 ದಿನಕ್ಕಿಂತ ತಡವಾದರೆ, 15 ದಿನದ ನೋಟೀಸು ಕೊಟ್ಟು ಇನ್ಶೂರೆನ್ಸ್ ನಿಲ್ಲಿಸಬಹುದು.

ಇದನ್ನು ಹೇಳಲೇ ಮನಸ್ಸು ಭಾರವಾಗುತ್ತದೆ, ಆದರೆ ಹೇಳದಿದ್ದರೆ ಲಕ್ಷಾಂತರ ರೂಪಾಯಿಯ ಬಿಲ್ ಮನೆಗೆ ಬರುತ್ತದೆ. ಮಗು ಜೀವಂತ ಹುಟ್ಟಿ, ತೀವ್ರ ನಿಗಾ ಘಟಕದಲ್ಲಿದ್ದು ತೀರಿಕೊಂಡಿದ್ದರೂ, ಹುಟ್ಟಿದ 30 ದಿನದೊಳಗೆ ಮಗುವಿನ ಹೆಸರನ್ನು ಕಂಪನಿಯ ಇನ್ಶೂರೆನ್ಸ್‌ಗೆ ಸೇರಿಸಲೇಬೇಕು. ಹಾಗೆ ಸೇರಿಸಿದರೆ ರಕ್ಷಣೆ ಹುಟ್ಟಿದ ದಿನದಿಂದಲೇ ಲೆಕ್ಕ. ‘ಮಗುವೇ ಇಲ್ಲವಲ್ಲ, ಇನ್ನೇನು ಸೇರಿಸುವುದು’ ಎಂದು ಬಿಟ್ಟರೆ ಆ ಘಟಕದ ಖರ್ಚು ತಂದೆತಾಯಿಯ ತಲೆಮೇಲೆ ಬೀಳಬಹುದು. ಇದು ಜೊತೆಗಿರುವ ಗೆಳೆಯರು ನೆನಪಿಟ್ಟು ಮಾಡಬೇಕಾದ ಕೆಲಸ.

ಊರಿಗೆ ಹೋಗುವವರು, ಎಚ್-1ಬಿಯವರು

ಎಚ್-1ಬಿ ಇದ್ದವರಿಗೆ ಸಂಬಳವಿಲ್ಲದ ರಜೆ ಎಂದರೆ ಭಯ: ಸ್ಟೇಟಸ್, ಅಂದರೆ ದೇಶದಲ್ಲಿರುವ ಅನುಮತಿ, ಹೋಗುತ್ತದೆಯೇ? ನಿಯಮ ಹೀಗಿದೆ. ಕೆಲಸವಿಲ್ಲವೆಂದು ಕಂಪನಿಯೇ ಸಂಬಳ ಕೊಡದೆ ಕೂರಿಸುವಂತಿಲ್ಲ. ಆದರೆ ಕೆಲಸಕ್ಕೆ ಸಂಬಂಧಿಸದ ಕಾರಣಕ್ಕೆ ನೌಕರರೇ ಕೇಳಿ ಪಡೆದ ರಜೆಗೆ, ಅಥವಾ ಅನಾರೋಗ್ಯದಿಂದ ಕೆಲಸ ಮಾಡಲಾಗದ ಅವಧಿಗೆ, ಕಂಪನಿ ಸಂಬಳ ಕೊಡಬೇಕಾಗಿಲ್ಲ. ನೌಕರಿಯ ಸಂಬಂಧ ಮುಂದುವರಿದಿರುತ್ತದೆ. ಆದ್ದರಿಂದ ‘ನಾನು ಕೇಳಿದೆ, ನೀವು ಒಪ್ಪಿದಿರಿ, ಇಂಥ ದಿನ ಮರಳುತ್ತೇನೆ’ ಎಂಬ ಮೂರೂ ಬರಹದಲ್ಲಿ ಇರಲಿ. ಮುಂದೆ ವೀಸಾ ವಿಸ್ತರಣೆಗೋ ಬೇರೆ ಕಂಪನಿಗೆ ಬದಲಾವಣೆಗೋ ಪೇ ಸ್ಲಿಪ್ ಕೇಳಿದಾಗ ನಡುವೆ ಎರಡು ಮೂರು ತಿಂಗಳ ಖಾಲಿ ಕಾಣುತ್ತದೆ. ಆಗ ಈ ಪತ್ರವೇ ಉತ್ತರ. ರಜೆಯಲ್ಲಿದ್ದಾಗ ಕೆಲಸ ಹೋದರೆ ಮಾತ್ರ ದೇಶದಲ್ಲಿ ಉಳಿಯಲು ಸಿಗುವ ಗರಿಷ್ಠ 60 ದಿನದ ಅವಧಿ ಶುರುವಾಗುತ್ತದೆ.

ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ಗೋಕರ್ಣಕ್ಕೋ ಒಯ್ಯುವವರು, ತಾಯಿಯನ್ನು ತವರಿನ ಆರೈಕೆಗೆ ಕಳಿಸುವವರು, ಟಿಕೆಟ್ ಮಾಡುವ ಮುಂಚೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ತಾರೀಖು ನೋಡಿ. ಎಚ್-1ಬಿ ಅನುಮೋದನೆಯ ಪತ್ರ ಐ-797 ಇದ್ದರೂ ಸ್ಟಾಂಪ್ ಮುಗಿದಿದ್ದರೆ, ಮರಳಿ ಬರಲು ಚೆನ್ನೈನಂಥ ಕಡೆ ಸ್ಟಾಂಪಿಂಗ್ ಆಗಬೇಕು. ಅದರ ವಿಳಂಬಕ್ಕೆ ರಜೆ ಕಾನೂನಿನ ರಕ್ಷಣೆಯಿಲ್ಲ. 12 ವಾರ ಮುಗಿದ ಮೇಲೆ ನೀವು ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದರೆ ಕೆಲಸ ಉಳಿಸುವುದು ಕಂಪನಿಯ ಮರ್ಜಿ. ಇಂಥ ಸ್ಥಿತಿಯಲ್ಲಿ ಅಸ್ಥಿಯನ್ನು ಹತ್ತಿರದ ಬಂಧುಗಳ ಕೈಲಿ ಕಳಿಸುವುದು, ಅಥವಾ ಸ್ಟಾಂಪ್ ಸರಿಯಿರುವ ಒಬ್ಬರೇ ಹೋಗುವುದು ವಿವೇಕ. ಅಸ್ಥಿಯ ಪಾತ್ರೆ ಮರದ್ದೋ ಪ್ಲಾಸ್ಟಿಕ್‌ದೋ ಇರಲಿ. ಲೋಹದ ಪಾತ್ರೆಯೊಳಗೆ ಎಕ್ಸ್‌ರೇ ಕಾಣದಿದ್ದರೆ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ, ಭದ್ರತಾ ಸಿಬ್ಬಂದಿ ಅದನ್ನು ತೆರೆದು ನೋಡುವುದೂ ಇಲ್ಲ. ಮರಣಪತ್ರ, ದಹನದ ಪ್ರಮಾಣಪತ್ರ ಕೈಚೀಲದಲ್ಲಿರಲಿ. ಭಾರತದ ಕಾನ್ಸುಲೇಟ್ ಮತ್ತು ವಿಮಾನ ಸಂಸ್ಥೆಗೆ ಮುಂಚೆಯೇ ವಿಚಾರಿಸಿ.

ಊರಿನಲ್ಲಿದ್ದಾಗ ಆರೋಗ್ಯ ಕೆಟ್ಟರೆ ಮೈಸೂರಿನ ಡಾಕ್ಟರು ಬರೆದ ಪ್ರಮಾಣಪತ್ರವನ್ನೂ ಎಫ್‌ಎಂಎಲ್‌ಎಗೆ ಒಪ್ಪಬೇಕು. ಭಾರತದಲ್ಲಿ ಕಳೆದ ಪೂರ್ಣ ದಿನಗಳನ್ನು ಎಚ್-1ಬಿಯ ಆರು ವರ್ಷದ ಮಿತಿಗೆ ಮರಳಿ ಸೇರಿಸಿಕೊಳ್ಳಬಹುದು. ಬೋರ್ಡಿಂಗ್ ಪಾಸು, ಪಾಸ್‌ಪೋರ್ಟ್ ಮುದ್ರೆಯ ಪ್ರತಿ ಜೋಪಾನ ಮಾಡಿ.

ಇಲ್ಲ ಎಂದರೆ

ಯಾಕೆ ಇಲ್ಲವೆಂದು ಬರಹದಲ್ಲಿ ಕೇಳಿ. ಅಷ್ಟು ಕೇಳಿದಾಗಲೇ ನಿರ್ಧಾರ ಬದಲಾಗುವುದುಂಟು. ಬದಲಾಗದಿದ್ದರೆ ಕೇಂದ್ರ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ 1-866-487-9243ಗೆ ಕರೆ ಮಾಡಿ, ದೂರಿಗೆ ಶುಲ್ಕವಿಲ್ಲ. ಎಫ್‌ಎಂಎಲ್‌ಎ ಮೊಕದ್ದಮೆಗೆ 2 ವರ್ಷ, ಬೇಕೆಂದೇ ಮಾಡಿದ ಉಲ್ಲಂಘನೆಗೆ 3 ವರ್ಷ ಸಮಯವಿದೆ. ಇಲಿನಾಯ್‌ನ ಫ್ಯಾಮಿಲಿ ಬಿರೀವ್‌ಮೆಂಟ್ ರಜೆಯ ದೂರಿಗೆ ಇರುವುದು 60 ದಿನ ಮಾತ್ರ, ರಾಜ್ಯದ ಕಾರ್ಮಿಕ ಇಲಾಖೆಗೆ. ಗರ್ಭ ಅಥವಾ ಡಿಸೆಬಿಲಿಟಿ ಹೊಂದಾಣಿಕೆಯ ದೂರು ಉದ್ಯೋಗದ ತಾರತಮ್ಯ ನೋಡುವ ಕೇಂದ್ರ ಸಂಸ್ಥೆ ಇಇಒಸಿಗೆ, ರಾಜ್ಯವನ್ನು ನೋಡಿ 180 ಅಥವಾ 300 ದಿನ. ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್. ಒಂದು ಮಾತು ತಿಳಿದಿರಲಿ: ರಜೆ ತೆಗೆದುಕೊಂಡಿದ್ದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಇಡೀ ತಂಡವನ್ನೇ ತೆಗೆಯುವ ಲೇಆಫ್‌ನಿಂದ ಈ ಕಾನೂನು ಕಾಪಾಡುವುದಿಲ್ಲ.

ಮನೆಯಲ್ಲಿ ಯಾರಾದರೂ ‘ನನಗೂ ಬದುಕುವುದು ಬೇಡ’ ಎಂದರೆ ಫಾರಂ, ರಜೆ ಎಲ್ಲ ಪಕ್ಕಕ್ಕಿಟ್ಟು ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ. ಅವರನ್ನು ಒಬ್ಬರೇ ಬಿಡಬೇಡಿ.

ಮರಳುವ ಮುನ್ನ

ಮರಳುವ ಒಂದು ವಾರ ಮುಂಚೆ ಗೆಳೆಯರೊಬ್ಬರು ಎಚ್‌ಆರ್ ಜೊತೆ ಮಾತಾಡಲಿ. ಕೆಲಸಕ್ಕೆ ಯೋಗ್ಯರು ಎಂಬ ಡಾಕ್ಟರ ಪತ್ರ ಬೇಕೇ ಎಂದು ಕೇಳಿ. ಮಗು ಹೋದ ವಿಷಯವನ್ನು ತಂಡಕ್ಕೆ ಎಚ್‌ಆರೇ ಮುಂಚಿತವಾಗಿ ತಿಳಿಸಲಿ, ಇಲ್ಲದಿದ್ದರೆ ಲಿಫ್ಟಿನಲ್ಲಿ ಯಾರೋ ‘ಕಂಗ್ರಾಟ್ಸ್, ಪಾಪು ಹೇಗಿದೆ?’ ಎಂದುಬಿಡುತ್ತಾರೆ. ಹೆರಿಗೆ ರಜೆಗೆಂದು ಮೊದಲೇ ಹೊಂದಿಸಿಟ್ಟ ಸ್ವಯಂಚಾಲಿತ ಇಮೇಲ್‌ಗಳನ್ನು ನಿಲ್ಲಿಸಲು ಹೇಳಿ: ಮಗುವಿನ ಜನನಪತ್ರ ಅಪ್‌ಲೋಡ್ ಮಾಡಿ, ಎದೆಹಾಲು ತೆಗೆಯುವ ಕೋಣೆ ಕಾಯ್ದಿರಿಸಿ, ಡೇಕೇರ್ ಭತ್ಯೆಗೆ ಅರ್ಜಿ ಹಾಕಿ ಎಂದು ಬರುವಂಥವು. ಮೇಜಿನ ಮೇಲೆ ಸಹೋದ್ಯೋಗಿಗಳು ಸೀಮಂತಕ್ಕೆ ಇಟ್ಟ ಉಡುಗೊರೆಯಿದ್ದರೆ ತೆಗೆದು ಜೋಪಾನವಾಗಿಡಲಿ, ಎಸೆಯದಿರಲಿ. ಅದನ್ನು ಏನು ಮಾಡಬೇಕೆಂದು ತಾಯಿಯನ್ನೇ ಕೇಳಬೇಕು. ಮೊದಲ ದಿನವನ್ನು ಬುಧವಾರವೋ ಗುರುವಾರವೋ ಇಟ್ಟುಕೊಂಡರೆ ಎರಡು ಮೂರು ದಿನಕ್ಕೆ ವಾರಾಂತ್ಯ ಬರುತ್ತದೆ. ಆ ವಾರದ ಊಟವನ್ನು ಯಾರು ತರುತ್ತಾರೆಂದು ಈಗಲೇ ಮಾತಾಡಿಕೊಳ್ಳಿ.